ಹಿಮದೊರೆಯ ಮಂಡಿನೋವು

“ಅಪ್ಪಾ, ಇವತ್ತೊಂದಿನ ನೀನು ಗುಡಿಯ ಕನ್ಯೆ ಆಗ್ಬೇಕು,” ಎಂದಳು ನಾಗಿಸಾ. ಕಿಸಾಬುರೊ ಬಾಯಿಗಿಟ್ಟಿದ್ದ ಮೂಲಂಗಿ ಉಪ್ಪಿನಕಾಯಿ ಅರ್ಧ ಒಳಗೆ, ಅರ್ಧ ಹೊರಗೆ ನಿಂತುಬಿಟ್ಟಿತು. ಒಲೆಯ ಮುಂದೆ ಮೀನು ಮಗುಚುತ್ತಿದ್ದ ತೊಮಿಕೊ ಮಾತ್ರ ತಿರುಗಿ ನೋಡಲಿಲ್ಲ. ಮಾಂಗಾ ಎಂಬ ಚಿತ್ರಕಥೆ ಬರೆಯುವ ಮಗಳನ್ನು ಹೆತ್ತ ಮೇಲೆ ಇಂಥವಕ್ಕೆಲ್ಲ ಬೆಚ್ಚಿದರೆ ಸಂಸಾರ ನಡೆದೀತೆ?

ಹುಡುಗಿಯರ ಮಾಸಪತ್ರಿಕೆಯಲ್ಲಿ ಬರುವ ನಾಗಿಸಾಳ ಚಿತ್ರಕಥೆಯಲ್ಲಿ ಹಿಮಲೋಕದ ದೊರೆಗೂ ಗುಡಿಯ ಕನ್ಯೆಗೂ ಪ್ರೇಮ. ಈ ಸಲ ದೊರೆ ಅವಳನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಹಿಮದ ಕೋಡಿನಿಂದ ಹಾರಬೇಕು. ಚಿತ್ರ ನೋಡಿದ ಸಂಪಾದಕ ಕುರಮೋಚಿ ಟೋಕಿಯೊದಿಂದ ತಾನೇ ರೈಲು ಹತ್ತಿ ಬಂದು, ಪುಟ ಕೈಗೆ ಬರುವ ತನಕ ಏಳುವುದಿಲ್ಲವೆಂದು ನಡುಮನೆಯಲ್ಲಿ ಮಂಡಿಯೂರಿ ಕೂತಿದ್ದ.

“ಪ್ರೇಮದಲ್ಲಿ ಎತ್ಕೊಂಡ ಹಾಗಿಲ್ಲ ನಾಗಿಸಾ ಅವರೇ, ಅಕ್ಕಿಮೂಟೆ ಎಲ್ಲಿ ಇಳಿಸ್ಲಿ ಅಂತ ಹುಡುಕ್ತಿರೋ ಹಾಗಿದೆ. ಈ ಕಂತೂ ಹುಡುಗೀರಿಗೆ ಹಿಡಿಸ್ಲಿಲ್ಲ ಅಂದ್ರೆ ಕಥೆ ನಿಲ್ಲಿಸಿ ಅಂತ ಮೇಲಿನವರು ಹೇಳಿದಾರೆ,” ಎಂದು ಅವನು ತೊಮಿಕೊ ಕೊಟ್ಟ ಒಣಮೀನು ಅಗಿಯುತ್ತಲೇ ಕಣ್ಣೀರು ತಂದುಕೊಂಡ. ಯಾರಾದರೂ ಎದುರಿಗೆ ಹಾಗೆ ಎತ್ತಿಕೊಂಡು ನಿಂತರೆ ನಾಗಿಸಾ ನೋಡಿಕೊಂಡು ಬರೆಯಬೇಕಿತ್ತು.

“ಹಂಗಾದ್ರೆ ನಾನೇ ದೊರೆ ಆಗ್ತೀನಿ. ನಿಮ್ಮಮ್ಮ ಕನ್ಯೆ ಆಗ್ಲಿ,” ಎಂದ ಕಿಸಾಬುರೊ.

“ಅಮ್ಮನ್ನ ನೀನು ಎತ್ತಬಲ್ಲೆಯಾ?”

ಕಿಸಾಬುರೊ ಹೆಂಡತಿಯನ್ನು ನೋಡಿದ. ಬಂದರಿನಲ್ಲಿ ಮೀನಿನ ಪೆಟ್ಟಿಗೆ ಹೊತ್ತು ಹೊತ್ತು ಅವಳ ತೋಳುಗಳು ದೋಣಿಯ ಹುಟ್ಟಿನ ಹಾಗಾಗಿದ್ದವು. ಕೂತಲ್ಲೇ ಬಲೆ ಹೆಣೆದವನು ಅವನು. ಗಾಳಿಗೆ ಒಣಹಾಕಿದ ಬೂತಾಯಿ ಮೀನಿನ ಹಾಗೆ ಸೊರಗಿದ್ದ. “ಊರಲ್ಲಿ ಯಾರಿಗೂ ಗೊತ್ತಾಗ್ಬಾರ್ದು,” ಎಂದು ಒಂದೇ ಷರತ್ತು ಹಾಕಿ ಎದ್ದು ನಿಂತ.

ಹೂಬಳ್ಳಿಯ ರಜಾಯಿ ಕನ್ಯೆಯ ನಿಲುವಂಗಿಯಾಯಿತು. ಬೋಳುತಲೆಗೆ ನೀಳಕೂದಲು ಎಲ್ಲಿಂದ ತರುವುದು? ತೊಮಿಕೊ ಅಂಗಳದಲ್ಲಿ ಒಣಹಾಕಿದ್ದ ಕಡಲಸೊಪ್ಪನ್ನು ತಂದು ಗಂಡನ ತಲೆಯ ಮೇಲೆ ಇಳಿಬಿಟ್ಟಳು. ಕೂದಲು ಹಾರಾಡಲಿ ಎಂದು ಕುರಮೋಚಿ ಬೀಸಣಿಗೆ ಹಿಡಿದ. ತೊಮಿಕೊ ಅಡುಗೆಗೆ ಕಟ್ಟಿದ್ದ ಮುಂಬಟ್ಟೆಯನ್ನು ಬಿಗಿದು, ಉಸಿರೆಳೆದು, ಗಂಡನನ್ನು ಅನಾಮತ್ತಾಗಿ ಎತ್ತಿಕೊಂಡಳು.

“ಅಪ್ಪಾ, ಅಮ್ಮನ ಕಣ್ಣಲ್ಲಿ ಕಣ್ಣಿಟ್ಟು ನೋಡು!”

“ಮೂಗಿಗೆ ಸೊಪ್ಪು ತಾಗ್ತಿದೆ ಕಣೆ.”

“ಹಲ್ಲು ಕೀಳಿಸ್ಕೊಳ್ಳೋನ ಥರ ಮುಖ ಮಾಡ್ಬೇಡ! ಇದು ಪ್ರೇಮ!”

“ನಂಗೇನೇ ಗೊತ್ತು ಅದೆಲ್ಲ? ನಮ್ಮಿಬ್ಬರಿಗೂ ಗಂಟು ಹಾಕಿದ್ದು ನಿನ್ನ ಸೋದರತ್ತೆ.”

ಅಷ್ಟರಲ್ಲಿ ಬಾಗಿಲು ಸರಿಯಿತು. ಬೀದಿಯವರಿಗೆಲ್ಲ ತೋರಿಸುವ ಸುತ್ತೋಲೆಯ ಹಲಗೆ ಹಿಡಿದು ಪಕ್ಕದ ಮನೆಯ ಹಮದಾ ನಿಂತಿದ್ದಳು. ಅವಳು ಮೊದಲು ರಜಾಯಿಯನ್ನು ನೋಡಿದಳು, ಆಮೇಲೆ ಕಡಲಸೊಪ್ಪನ್ನು, ಆಮೇಲೆ ಬೀಸಣಿಗೆ ಬೀಸುತ್ತಿದ್ದ ಪರವೂರಿನ ಗಂಡಸನ್ನು.

“ನೆಲ ಒದ್ದೆಯಾಗಿದೆ ನೋಡಿ, ಅದಕ್ಕೇ,” ಎಂದಳು ತೊಮಿಕೊ, ಗಂಡನನ್ನು ಇಳಿಸದೆ.

“ಹೌದು ಹೌದು, ಜಾರಿಬಿಟ್ರೆ ಕಷ್ಟ,” ಎಂದು ಹಮದಾ ಹಲಗೆಯನ್ನು ಮೆಟ್ಟಿಲ ಮೇಲಿಟ್ಟು, ತಲೆಬಾಗಿ, ಹಿಮ್ಮುಖವಾಗಿಯೇ ನಡೆದುಹೋದಳು.

ಕಿಸಾಬುರೊ ನಾಚಿಕೆಯಿಂದ ಹೆಂಡತಿಯ ಹೆಗಲಲ್ಲಿ ಮುಖ ಹುದುಗಿಸಿದ. ಅವನ ಕಿವಿಗೆ ‘ಲಟಕ್’ ಎಂಬ ಸದ್ದು ಕೇಳಿತು. ತೊಮಿಕೊಳ ಮಂಡಿ. ಅವನು ಮೆಲ್ಲಗೆ ತಲೆಯೆತ್ತಿ, ಸೊಪ್ಪನ್ನು ಸರಿಸಿ, ಅವಳ ಮುಖ ನೋಡಿದ.

“ತೊಮೀ, ಮಂಡಿ ನೋಯ್ತಾ ಇಲ್ವೇನೆ?”

ಆ ಮಂಡಿಗೆ ಅವಳು ಪಟ್ಟಿ ಅಂಟಿಸಿಕೊಳ್ಳುತ್ತಿದ್ದುದು ನಿನ್ನೆ ಮೊನ್ನೆಯಿಂದಲ್ಲ. ಪಕ್ಕದಲ್ಲೇ ಮಲಗುವ ಈ ಮನುಷ್ಯ ಔಷಧಿಯ ಘಾಟಿಗೆ ಮೂಗು ಮುಚ್ಚಿಕೊಂಡಿದ್ದನೇ ಹೊರತು ಒಮ್ಮೆಯೂ ಬಾಯಿಬಿಟ್ಟು ಕೇಳಿರಲಿಲ್ಲ. “ಸುಮ್ನಿರಿ. ನಿಮ್ಮದೇನು ಮಹಾ ಭಾರ,” ಎಂದಳು. ಇಳಿಸಬಹುದಿತ್ತು, ಯಾಕೋ ಇಳಿಸಲಿಲ್ಲ.

ನಾಗಿಸಾಳ ಪೆನ್ಸಿಲು ಕಾಗದದ ಮೇಲೆ ಓಡುತ್ತಿತ್ತು. ಬೀಸಣಿಗೆ ಮರೆತು ನಿಂತ ಕುರಮೋಚಿ, “ಅದೇ ಮಾತು! ಅದನ್ನೇ ಹಾಕಿ!” ಎಂದು ಈ ಸಲ ನಿಜವಾಗಿಯೇ ಅತ್ತ.

ಪತ್ರಿಕೆ ಬಂದ ದಿನ ಬೆಳಿಗ್ಗೆಯೇ ಕಿಸಾಬುರೊ ಬಂದರಿನ ಪುಸ್ತಕದಂಗಡಿಗೆ ಹೋಗಿ, ಇದ್ದಬದ್ದ ಪ್ರತಿಗಳನ್ನೆಲ್ಲ ಕೊಂಡು ಬಲೆಯ ಕೊಟ್ಟಿಗೆಯಲ್ಲಿ ಬಚ್ಚಿಟ್ಟ. ಊರ ಕಣ್ಣಿಂದ ತಪ್ಪಿಸಿಕೊಂಡೆ ಎಂದು ಎರಡು ಬಟ್ಟಲು ಅನ್ನ ಹೆಚ್ಚಿಗೆ ಉಂಡ. ಆದರೆ ಅಂಗಡಿಯವನು ಎಂದೂ ಕಾಣದ್ದನ್ನು ಕಂಡಿದ್ದ: ಹುಡುಗಿಯರ ಪತ್ರಿಕೆ ಕದ ತೆರೆಯುತ್ತಲೇ ಖಾಲಿ! ಅವನು ಹೊಸದೊಂದು ಕಟ್ಟು ತರಿಸಿದ. ಜೊತೆಗೆ ಬಾಗಿಲಗಲದ ಚಿತ್ರವೊಂದನ್ನು ತರಿಸಿ ಅಂಗಡಿಯ ಮುಂದೆಯೇ ಅಂಟಿಸಿದ.

ಮೀನಿನ ಕಟ್ಟೆಗೆ ಹೊರಟ ತೊಮಿಕೊ ಅದರ ಮುಂದೆ ನಿಂತಳು. ಕನ್ಯೆಯ ಕಣ್ಣು ಬಟ್ಟಲಗಲ, ಒಳಗೆ ನಕ್ಷತ್ರ. ಕೂದಲು ಕಡಲಿನ ಹಾಗೆ ಹರಡಿತ್ತು. ಗಲ್ಲದ ಮೇಲಿನ ಮಚ್ಚೆ ಮಾತ್ರ ಸಾಕ್ಷಾತ್ ಕಿಸಾಬುರೊನದು. ಕೆಳಗೆ ದಪ್ಪಕ್ಷರದಲ್ಲಿ, ‘ಪ್ರಭು, ನಿಮ್ಮ ಮಂಡಿ ನೋಯುತ್ತಿಲ್ಲವೆ?’

ಶಾಲೆಗೆ ಹೊರಟ ಇಬ್ಬರು ಹುಡುಗಿಯರು ಪಕ್ಕದಲ್ಲಿ ನಿಂತು ನಿಟ್ಟುಸಿರು ಬಿಟ್ಟರು. “ನಮ್ಮನ್ನೂ ಹಿಂಗೆ ಕೇಳೋರು ಯಾರಾದ್ರೂ ಸಿಗ್ತಾರೇನೆ?”

“ಸಿಗ್ತಾರೆ ಕಣ್ರಮ್ಮ,” ಎಂದಳು ತೊಮಿಕೊ, ಪೆಟ್ಟಿಗೆಯನ್ನು ಹೆಗಲಿಗೇರಿಸುತ್ತ. “ಆದ್ರೆ ಮೊದ್ಲು ನೀವೇ ಎತ್ಕೋಬೇಕು.”