ಉಗುರಿನ ಸಂದಿಯ ಕೆಂಪು ಮಣ್ಣು

"ಕೈ ತೋರಿಸಿ ಸ್ವಲ್ಪ."

ಗಂಡ ಕೈ ಹಿಂದಕ್ಕೆಳೆದುಕೊಂಡ. ಅವಳೇ ಹಿಡಿದು ದೀಪದ ಬೆಳಕಿಗೆ ತಿರುಗಿಸಿದಳು. ಬೆರಳಿಗೆಲ್ಲ ಗ್ರೀಸು. ಅದೇನೂ ಹೊಸದಲ್ಲ. ಕಲ್ಲುಕ್ವಾರಿಯ ಶೆಡ್ಡಿನಲ್ಲಿ ಲಾರಿಯ ಚಕ್ರ ಬಿಚ್ಚಿ ಕಟ್ಟುವುದೇ ಅವನ ಕೆಲಸ. ನಟ್ಟು ತಿರುಗಿಸಲು ಸದಾ ಕೈಯಲ್ಲಿರುವ ಪಾನಾವೇ ಅವನ ಅಡ್ಡಹೆಸರೂ ಆಗಿತ್ತು. ಆದರೆ ಉಗುರಿನ ಸಂದಿಯಲ್ಲಿದ್ದದ್ದು ಕೆಂಪು ಮಣ್ಣು.

ಆ ಮಣ್ಣು ಸಿಗುವುದು ಗುಡ್ಡದಲ್ಲಿ ಮಾತ್ರ. ಅಲ್ಲಿ ಕಲ್ಲು ಒಡೆಯುವವಳು ಅವಳು. ಇವನೋ ಸಿಮೆಂಟು ನೆಲದ ಶೆಡ್ಡು ಬಿಟ್ಟು ಕದಲುವವನಲ್ಲ.

"ಈ ಶನಿವಾರವೂ ಮೆತ್ಕೊಂಡು ಬಂದಿದ್ದೀರಲ್ಲ. ಎಲ್ಲಿಗೆ ಹೋಗಿದ್ರಿ?"

"ಶೆಡ್ಡಲ್ಲೇ ಇದ್ದೆ. ಕೆಲಸ ಇತ್ತು."

"ಓಹೋ. ಗುಡ್ಡವೇ ಇಳಿದು ಶೆಡ್ಡಿಗೆ ಬಂತಾ?"

ಅವನು ಕೈ ತೊಳೆಯಲು ಎದ್ದ.

ಕಂಪನಿಯ ಲಾರಿಗೆ ಎರಡು ಸೆಟ್ಟು ಟೈರುಗಳಿದ್ದವು. ರಸ್ತೆಯ ಆರು, ಗುಡ್ಡದ ಆರು. ರಸ್ತೆಯವು ಟಾರಿನ ಮೇಲೆ ಜಲ್ಲಿ ಸಾಗಿಸಲು, ಸವೆದು ನುಣ್ಣಗಾಗಿದ್ದವು. ಗುಡ್ಡದವಕ್ಕೆ ಬೆರಳು ಇಳಿಯುವಷ್ಟು ಆಳದ ಹಲ್ಲುಗಳು, ಜಾರುವ ಮಣ್ಣನ್ನು ಕಚ್ಚಿ ಹಿಡಿಯಲು. ಏರು ಹತ್ತುವ ಮೊದಲು ಬದಲಾಯಿಸಬೇಕೆಂದು ಗೋಡೆಯ ಮೇಲೆ ಬರೆದಿತ್ತು. ಬದಲಾಯಿಸಲು ಎರಡು ಗಂಟೆ ಬೇಕು. ಅಷ್ಟು ಹೊತ್ತು ಲಾರಿ ನಿಂತರೆ ಮ್ಯಾನೇಜರನಿಗೆ ಹೊಟ್ಟೆಯುರಿ. ಹಾಗಾಗಿ ಗುಡ್ಡದ ಟೈರುಗಳಿಗೆ ಶೆಡ್ಡಿನ ಹಿಂದೆ ಪ್ರತ್ಯೇಕ ಕೋಣೆ, ನೆರಳು, ಬೀಗ, ಮೇಲೆ ಗೋಣಿಯ ಹೊದಿಕೆ. ತಪಾಸಣೆಯವರು ಬಂದಾಗ ದರ್ಶನ. ಮೂವತ್ತು ಆಳುಗಳು ದಿನಾ ಗುಡ್ಡ ಹತ್ತುತ್ತಿದ್ದದ್ದು ನುಣ್ಣನೆಯ ಟೈರಿನ ಮೇಲೆ. ಆ ಕಂಪನಿಯಲ್ಲಿ ರಬ್ಬರಿಗಿದ್ದ ಮರ್ಯಾದೆ ಮೂಳೆಗಿರಲಿಲ್ಲ.

ಆ ಬೀಗದ ಕೈ ಇದ್ದದ್ದು ಇಬ್ಬರ ಬಳಿ. ಒಬ್ಬ ಮ್ಯಾನೇಜರ್, ಇನ್ನೊಬ್ಬ ಅವಳ ಗಂಡ.

ಗಂಡ ಶನಿವಾರ ತಡವಾಗಿ ಮನೆಗೆ ಬರುತ್ತಿದ್ದ. ಸೋಮವಾರ ಎಲ್ಲರಿಗಿಂತ ಮುಂಚೆ ಶೆಡ್ಡಿಗೆ ಓಡುತ್ತಿದ್ದ. ನಡುವೆ ಭಾನುವಾರ, ಕ್ವಾರಿಗೆ ರಜೆ. ಅವಳಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಇವನು ಆ ಟೈರುಗಳನ್ನು ಭಾನುವಾರದ ಮಟ್ಟಿಗೆ ಕದ್ದು ಯಾರಿಗೋ ಬಾಡಿಗೆಗೆ ಬಿಡುತ್ತಿದ್ದಾನೆ! ಹೊರಗೆ ಬಾಯಿಬಿಟ್ಟರೆ ಗಂಡ ಜೈಲು ಸೇರುತ್ತಾನೆ. ನುಂಗಿಕೊಂಡಳು.

ಮಂಗಳವಾರ ಏರಿನಲ್ಲಿ ಲಾರಿ ಜಾರಿ ಬಂಡೆಗೆ ಗುದ್ದಿತು. ಓಡಿಸುತ್ತಿದ್ದವನು ಅವಳ ತಮ್ಮ. ಅವನ ಕಾಲು ಮುರಿಯಿತು. ಹಿಂದೆ ಕೂತಿದ್ದ ಅವಳ ಗದ್ದ ಹರಿಯಿತು. ರಕ್ತ ಆರುವ ಮೊದಲೇ ಮ್ಯಾನೇಜರನ ತೀರ್ಪು ಬಂತು.

"ತಪ್ಪು ಟೈರಿಂದಲ್ಲ, ಅವನ ಕೈಯದು. ನಾನು ಪ್ರತಿ ಭಾನುವಾರ ಮೇಲಿನ ಪಂಪು ನೋಡೋಕೆ ಇದೇ ಲಾರಿ ಹತ್ತಿಸ್ತೀನಿ. ಒಂದೇ ಒಂದಿನ ಜಾರಿದೆಯಾ?"

ಜಾರಿರಲಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲರೂ ಗೇಟಿಗೆ ಬರಬೇಕೆಂದು ಅಪ್ಪಣೆಯಾಯಿತು. ಅವರೆದುರು ಅವಳ ತಮ್ಮ ತಪ್ಪೊಪ್ಪಿಗೆಗೆ ಸಹಿ ಹಾಕಬೇಕು. ಹಾಕಿದರೆ ಕೆಲಸ ಹೋಯಿತು, ಗುಡ್ಡದ ಟೈರು ಹಾಕಿ ಎಂಬ ಆಳುಗಳ ಮಾತೂ ಅಲ್ಲಿಗೆ ಮುಗಿಯಿತು. ಹಾಕದಿದ್ದರೆ ಪೊಲೀಸ್ ದೂರು.

ಹಿಂದಿನ ಸಂಜೆ ಗಂಡ ಹೊತ್ತಿಗೆ ಮುಂಚೆಯೇ ಮನೆಗೆ ಬಂದ. ಅವಳು ಕೇಳದೆಯೇ ಎರಡೂ ಕೈ ಚಾಚಿದ. ಗ್ರೀಸಿತ್ತು. ಮಣ್ಣಿನ ಕಣವೂ ಇರಲಿಲ್ಲ.

"ಜನ ಸೇರ್ತಾರೆ ಅಂತ ಹೆದರ್ಕೊಂಡ್ರಾ?"

"ಇಷ್ಟು ದಿನ ಹೆದರ್ಕೊಂಡಿದ್ದೆ," ಎಂದ.

ರಾತ್ರಿಯ ತುಂತುರಿಗೆ ಏರು ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಅವಳ ತಮ್ಮ ಕಾಲಿಗೆ ಪಟ್ಟಿ ಬಿಗಿದುಕೊಂಡು ಗೇಟಿನ ಬಳಿಯ ಕುರ್ಚಿಯಲ್ಲಿದ್ದ. ತೊಡೆಯ ಮೇಲೆ ಕಾಗದ.

"ಅಕ್ಕಾ, ಹಾಕಿಬಿಡ್ಲಾ?"

"ತಡಿಯೋ."

ಮ್ಯಾನೇಜರ್ ಬಿಳಿ ಬೂಟಿನಲ್ಲಿ ಬಂದ. ಲಾರಿಯತ್ತ ಕಣ್ಣು ಕೂಡ ಹಾಯಿಸದೆ ಜನರ ಕಡೆ ತಿರುಗಿದ.

"ಏನೋ ಪಾನಾ, ನೀನೇ ಹೇಳಿಬಿಡು ಇವರಿಗೆ. ಇವತ್ತು ನಾನು ಹತ್ತಿಸೋದು ಯಾವ ಲಾರಿ?"

ಗಂಡ ಕೈ ಕಟ್ಟಿ ನಿಂತ. "ಇದೇ ಲಾರಿ ಸಾಹೇಬ್ರೇ. ಮಂಗಳವಾರ ಇದ್ದ ಟೈರೇ ಇವತ್ತೂ ಇರೋದು."

ಮ್ಯಾನೇಜರ್ ಮೆಚ್ಚಿಕೊಂಡು ಅವನ ಬೆನ್ನು ತಟ್ಟಿದ. ಅವಳಿಗೆ ಮೈಯೆಲ್ಲ ಉರಿಯಿತು.

"ಸ್ವಂತ ಬಾಮೈದನ ಕುತ್ತಿಗೆ ಕುಯ್ದಿರಲ್ಲ," ಎಂದಳು ಹಲ್ಲುಕಚ್ಚಿ. "ನಿಮ್ಮ ಬಾಯಿಗೆ ಆ ಕೆಂಪು ಮಣ್ಣೇ ಬೀಳ!"

ಗಂಡ ಲಾರಿಯನ್ನೇ ನೋಡುತ್ತಿದ್ದ.

ಮ್ಯಾನೇಜರ್ ಹತ್ತಿ ಕೂತ, ಲಾರಿ ಗುಡುಗಿ ಹೊರಟಿತು. ಏರಿನ ಕಾಲುಭಾಗಕ್ಕೆ ಹಿಂದಿನ ಚಕ್ರಗಳು ನಿಂತಲ್ಲೇ ಗಿರಗಿರ ತಿರುಗಿದವು. ಮಣ್ಣು ಚಿಮ್ಮಿತು. ಲಾರಿ ಅಡ್ಡಡ್ಡ ಜಾರುತ್ತ ಹಿಂದಕ್ಕೆ ಬಂತು. ಜನ ಚದುರಿ ಓಡಿದರು. ಕೊನೆಗೆ ಅದು ಹಿಂಬದಿಯನ್ನು ಚರಂಡಿಯಲ್ಲಿ ಊರಿಕೊಂಡು ನಿಂತಿತು.

"ಸಾಹೇಬ್ರ ಕೈಯೂ ಸರಿ ಇಲ್ಲ ಅಂತ ಕಾಣುತ್ತೆ," ಎಂದಳು ಆಳುಗಳಲ್ಲೊಬ್ಬ ಮುದುಕಿ.

ಮ್ಯಾನೇಜರ್ ಧುಮುಕಿದ. ಮೊಣಕಾಲವರೆಗೆ ಕೆಸರು. ಆಗ ಮೊದಲ ಬಾರಿಗೆ ಬಗ್ಗಿ ಚಕ್ರಗಳನ್ನು ನೋಡಿದ. ಮುಖ ಕೆಂಡವಾಯಿತು. ಸುತ್ತ ಮೂವತ್ತು ಜನ ಇದ್ದಾರೆಂಬುದೂ ಅವನಿಗೆ ಮರೆತುಹೋಯಿತು.

"ಲೋ ಪಾನಾ! ಪ್ರತಿ ಶನಿವಾರ ನನಗೆ ಗುಡ್ಡದ ಟೈರು ಹಾಕಿಡ್ತಿದ್ದೆಯಲ್ಲೋ, ನಿನ್ನೆ ಏನೋ ಬಂದಿತ್ತು ನಿನಗೆ ದಾಡಿ?"