ಮೊಟ್ಟೆ ಇಟ್ಟ ಹುಂಜ

ಪರದೆಯ ಮೇಲೆ ಹುಂಜ ಮೊಟ್ಟೆ ಇಟ್ಟಿತು. ತೆಲಂಗಾಣದ ಗಡಿಯ ತಾಂಡೂರಿನ ಟಾಕೀಸಿನಲ್ಲಿ ಅರ್ಧ ಜನ ಸಿಳ್ಳೆ ಹೊಡೆದರು. ಉಳಿದರ್ಧದಿಂದ ಯಾರೋ "ಥೂ, ಇದೂ ಒಂದ್ ಸಿನಿಮಾ ಏನಲೇ" ಎಂದು ಒದರಿದರು. ನಡುವಿನ ಸಾಲಿನಲ್ಲಿ ಕೂತಿದ್ದ ರೇವಪ್ಪ ಮಾತ್ರ ಹೆಗಲ ಮೇಲಿನ ಟವೆಲನ್ನು ಬಾಯಿಗೆ ತುರುಕಿಕೊಂಡ. ನಗು ಬಂದಿತ್ತು, ನಗುವಂತಿರಲಿಲ್ಲ.

ಯಾಕೆಂದರೆ ಅವನ ಮಗಳು ಮಾಧುರಿಯನ್ನು ನೋಡಲು ಆಳಂದದ ಕಡೆಯಿಂದ ಬಂದವರು ಅದೇ ಸಾಲಿನಲ್ಲಿದ್ದರು. ಹುಡುಗ ಸಿದ್ದರಾಮ, ಅವನ ತಾಯಿ ಉಮಾಬಾಯಿ, ಸೋದರಮಾವ ಧರ್ಮಣ್ಣ. ಹಿಂದಿನ ಎರಡು ಸಂಬಂಧಗಳು ರೇವಪ್ಪನ ನಾಲಿಗೆಯಿಂದಲೇ ಮುರಿದಿದ್ದವು. ಈ ಸಲ ಬಾಯಿ ಬಿಡುವುದಿಲ್ಲ ಎಂದು ಹೆಂಡತಿ ಆಣೆ ಹಾಕಿಸಿಕೊಂಡು ಕಳಿಸಿದ್ದಳು. ಬೆಳಿಗ್ಗೆ ಬಶೀರಾಬಾದಿನ ಮನೆಯಲ್ಲಿ ಧರ್ಮಣ್ಣ ಹುಡುಗಿಯನ್ನು ನಿಲ್ಲಿಸಿ, ನಡೆಸಿ, ವಚನ ಹೇಳಿಸಿ ಮುಗಿಸಿದ ಮೇಲೆ, "ಹುಡುಗ್ರು ಒಂದ್ ತಾಸ್ ಜೋಡೀಲೆ ಕೂಡ್ಲಿ" ಎಂದವಳು ಉಮಾಬಾಯಿ. ಸಿನಿಮಾ ಆರಿಸಿದವನು ರೇವಪ್ಪ. ಕಾರ್ಟೂನ್ ಅಂದರೆ ಮಕ್ಕಳದು, ಮಕ್ಕಳದು ಅಂದರೆ ಮರ್ಯಾದೆಯದು. ಗೇಟಿನಲ್ಲಿ ಕೂಸನ್ನು ಎತ್ತಿಕೊಂಡು ಬಂದವನನ್ನು ವಾಪಸ್ಸು ಕಳಿಸಿದ್ದೇಕೆ, ಇದು ದೊಡ್ಡವರ ಕಾರ್ಟೂನ್ ಎಂಬುದು ಅವನಿಗೆ ಹೊಳೆದದ್ದು ಈಗ.

ಪರದೆಯ ಮೇಲೆ ಕೋಳಿಗಳ ಪಂಚಾಯ್ತಿ ಕೂತಿತ್ತು. ಹಿರಿಯ ಹೇಂಟೆ ಕನ್ನಡಕ ಏರಿಸಿ ತೆಲುಗಿನಲ್ಲಿ ಏನೋ ಕೇಳಿತು. ಟಾಕೀಸು ಗೊಳ್ಳೆಂದಿತು. ಉಮಾಬಾಯಿಗೆ ತೆಲುಗು ಬರುತ್ತಿರಲಿಲ್ಲ.

"ಏನ್ ಕೇಳ್ತದರಿ ಅಣ್ಣಾ, ಅದು?"

ರೇವಪ್ಪ ಮಗಳ ಆಚೆಗೆ ಬಾಗಿ, "ಆರಾಮ ಅದೀಯೇನಪ್ಪಾ ಅಂತ ಕೇಳ್ತದರಿ" ಎಂದ.

ಹುಂಜ ರೆಕ್ಕೆ ಎತ್ತಿ ಏನೋ ಹೇಳಿತು. ಮುಂದಿನ ಸಾಲಿನವನೊಬ್ಬ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಅವನ ಪಕ್ಕದವನು ಎದ್ದು ಹೊರಗೇ ಹೋದ.

"ಈಗೇನಂತು?"

"ಹವಾ ಬದಲಾಗಿ ನೆಗಡಿ ಆಗ್ಯದ ಅಂತದರಿ."

"ನೆಗಡಿ ಆದ್ರ ಮೊಟ್ಟಿ ಬರ್ತದೇನ್ರಿ?" ಉಮಾಬಾಯಿ ಅವನನ್ನು ಬಿಟ್ಟು ಹುಡುಗಿಯ ಮೊಣಕೈ ಹಿಡಿದಳು. "ನೀ ಹೇಳವ್ವಾ. ನಿಮ್ಮಪ್ಪಗ ಸುಳ್ಳ ಹೇಳಾಕ ಬರಂಗಿಲ್ಲ."

ಮಾಧುರಿ ತುಟಿ ಕಚ್ಚಿಕೊಂಡು ತಂದೆಯ ಕಡೆ ನೋಡಿದಳು. ಆಮೇಲೆ ಉಮಾಬಾಯಿಯ ಕಿವಿಗೆ ಬಾಯಿ ಇಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಯಾರ ಜೋಡಿ ಹೋಗಿದ್ದೆ ಎಂದು ಹೇಂಟೆ ಕೇಳಿತು. ಯಾರ ಜೋಡಿಯೂ ಇಲ್ಲ, ಆಷಾಢದ ಗಾಳಿಗೆ ರೆಕ್ಕೆ ಎತ್ತಿ ನಿಂತಿದ್ದೆ ಅಷ್ಟೇ, ಎಂದಿತು ಹುಂಜ. ಅದಕ್ಕೆ ಹೇಂಟೆಗಳೆಲ್ಲ ಒಟ್ಟಿಗೆ, "ನಾವೂ ಇಷ್ಟು ವರ್ಷ ಇದನ್ನೇ ಹೇಳಿದೆವು, ನೀವು ಹುಂಜಗಳು ಒಬ್ಬರಾದರೂ ನಂಬಿದಿರಾ?" ಎಂದವು.

ಉಮಾಬಾಯಿ ತಿರುಗಿ ಹುಡುಗಿಯ ಮುಖ ನೋಡಿದಳು. ಸಂಬಂಧ ಮುಗಿಯಿತು ಅಂದುಕೊಂಡ ರೇವಪ್ಪ. ಅಷ್ಟರಲ್ಲಿ ಅವಳ ನಗು ಸಿಡಿಯಿತು. ಸೆರಗು ಜಾರಿತು, ಕೈಯಲ್ಲಿದ್ದ ಪಾಪ್‌ಕಾರ್ನ್ ಮೂರು ಸಾಲಿನ ಮೇಲೆ ಚೆಲ್ಲಿತು. ಮಾಧುರಿಯೂ ತಡೆಯಲಾರದೆ ಅವಳ ಭುಜದ ಮೇಲೆ ಬಿದ್ದು ನಕ್ಕಳು.

ಇಂಟರ್ವೆಲ್ ಆಯಿತು. ಜನ ಜಗಳಾಡುತ್ತಲೇ ಹೊರಬಂದರು. ಒಬ್ಬ ಟಿಕೆಟ್ಟಿನ ದುಡ್ಡು ವಾಪಸ್ಸು ಕೇಳುತ್ತಿದ್ದ, ಇನ್ನೊಬ್ಬ ನಾಳೆಯ ಆಟಕ್ಕೆ ಟಿಕೆಟ್ಟು ಕೇಳುತ್ತಿದ್ದ.

"ರೇವಪ್ನೋರ, ಇಂಥಾದಕ್ಕ ಹೆಣ್ಮಕ್ಕಳನ್ನ ಕರಕೊಂಡ್ ಬರ್ತಾರೇನ್ರಿ? ನಡೀರಿ, ಹೋಗೋಣು" ಎಂದ ಧರ್ಮಣ್ಣ.

ರೇವಪ್ಪನ ನಾಲಿಗೆ ತುರಿಸಿತು. ಆಣೆ ನೆನೆದು ಉಗುಳು ನುಂಗಿದ.

"ನೀ ಸುಮ್ಕಿರೋ ಧರ್ಮಾ" ಎಂದಳು ಉಮಾಬಾಯಿ, ಇನ್ನೂ ಕಣ್ಣು ಒರೆಸಿಕೊಳ್ಳುತ್ತ. "ಇಂಥಾ ನಗು ನಮ್ಮನ್ಯಾಗ ಕೇಳಿ ಯಾವ ಕಾಲಾತು. ಹುಡುಗಿ ನನಗ ಪಸಂದ್ ಅದಾಳ."

ಬೆಳಿಗ್ಗೆಯಿಂದ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದ್ದ ಮಾಧುರಿ ಈಗ ಸಿದ್ದರಾಮನ ಕಡೆ ತಿರುಗಿದಳು. "ನಿಮಗ ಹ್ಯಾಂಗ ಅನಸ್ತರಿ?"

ಸಿದ್ದರಾಮ ಮಾವನ ಮುಖ ನೋಡಿದ. ತಾಯಿಯ ಮುಖ ನೋಡಿದ. "ಮಾವ ಹೇಳೋದೂ ಖರೇ ಅದ. ಅವ್ವ ಅನ್ನೋದೂ ಖರೇ ಅದ."

"ಅದಲ್ರಿ. ನಿಮಗ ನಗು ಬಂತೋ, ಇಲ್ಲೋ?"

ಅವನು ಮತ್ತೊಮ್ಮೆ ಮಾವನ ಮುಖ ನೋಡಿದ. "ಮನಿಗ್ ಹೋಗಿ ತಿಳಸ್ತೀವಿ."

ಮಾಧುರಿ ನಗಲಿಲ್ಲ. "ಅಪ್ಪಾ, ಈ ಅತ್ತಿ ಇರೋ ಮನಿಗಿ ಈಗಂದ್ರ ಈಗ ಹೋಗ್ತೀನಿ. ಆದ್ರ ಇವರನ್ನ ಒಲ್ಲೆ."

ರೇವಪ್ಪ ಬೆರಳು ಮಡಚಿ ಎಣಿಸಿದ. ಮೂರನೆಯದೂ ಹೋಯಿತು, ಅದೂ ತಾನು ಬಾಯಿ ಬಿಡದೇ ಇದ್ದಾಗ. ಉಮಾಬಾಯಿ ಮಗನನ್ನೇ ಬಹಳ ಹೊತ್ತು ನೋಡಿದಳು. ಅವಳು ಸಿಟ್ಟಾದಳೋ, ನೊಂದಳೋ, ಮುಖದಿಂದ ತಿಳಿಯಲಿಲ್ಲ. ಬೆಲ್ ಹೊಡೆಯಿತು. ಅವಳು ಸೆರಗು ಸರಿಮಾಡಿಕೊಂಡು ಮಾಧುರಿಯ ಕೈ ಹಿಡಿದಳು.

"ಲಗ್ನದ್ದು ಆಮ್ಯಾಲ ನೋಡೋಣು. ಮೊದಲು ಆ ಹುಂಜಂದು ಏನ್ ನ್ಯಾಯ ಆತು, ನೋಡ್ಬೇಕು. ನಡಿಯವ್ವಾ, ನೀ ಹೇಳಿದ್ರೇ ನನಗ ತಿಳೀತದ."

ಇಬ್ಬರೂ ಒಳಗೆ ಹೋದರು. ಧರ್ಮಣ್ಣ ಗೊಣಗುತ್ತ ಬಸ್‌ಸ್ಟ್ಯಾಂಡಿಗೆ ಆಟೊ ಕೂಗಿದ. ರೇವಪ್ಪ ಅತ್ತ ಇತ್ತ ನೋಡಿ, ಕೊನೆಗೆ ಒಳಗೇ ನುಗ್ಗಿದ. ಟಾಕೀಸು ಅರ್ಧ ಖಾಲಿಯಾಗಿತ್ತು. ಉಳಿದವರೆಲ್ಲ ನಗಲೆಂದೇ ಉಳಿದವರು. ಪರದೆಯ ಮೇಲೆ ಮೊಟ್ಟೆ ಒಡೆದು, ಪೊಲೀಸ್ ಟೋಪಿ ಹಾಕಿಕೊಂಡ ಬದನೆಕಾಯಿಯೊಂದು ಹೊರಬಂದು ಪಂಚಾಯ್ತಿಯ ಎಲ್ಲರಿಗೂ "ಅಪ್ಪಾ" ಎಂದು ಸೆಲ್ಯೂಟ್ ಹೊಡೆಯಿತು. ರೇವಪ್ಪ ಅಷ್ಟು ಹೊತ್ತು ತಡೆದದ್ದೆಲ್ಲ ಒಮ್ಮೆಗೇ ಹೊರಬಂತು. ಹೊಟ್ಟೆ ಹಿಡಿದುಕೊಂಡು, ಮುಂದಿನ ಕುರ್ಚಿ ಬಡಿದು ನಕ್ಕ.

ಆಗ ಪರದೆ ಬೆಳ್ಳಗಾಯಿತು. ಹೊರಗಿನ ಬಿಸಿಲು ಒಳಗೆ ಬಿದ್ದಿತ್ತು. ಬಾಗಿಲು ಹಿಡಿದು ಸಿದ್ದರಾಮ ನಿಂತಿದ್ದ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

ರೇವಪ್ಪನ ನಾಲಿಗೆ ಆಣೆಯನ್ನು ಮರೆತೇಬಿಟ್ಟಿತು.

"ಏ ತಮ್ಮಾ, ಒಳಗರೆ ಬಾ, ಹೊರಗರೆ ಹೋಗು. ನೀ ಹಂಗ ನಿಂತ್ರ ಯಾರಿಗೂ ಏನೂ ಕಾಣಂಗಿಲ್ಲ."