ಒನಕೆಯ ಕೆಳಗಿನ ಕೈ

"ಅಮ್ಮಾ ಬಿರಾಗೊ, ನಿಮ್ಮ ಮಗನಿಗೆ ಸ್ವಲ್ಪ ಬುದ್ಧಿ ಹೇಳಿ. ಆ ಮುದುಕರನ್ನೆಲ್ಲ ಮನೆಗೆ ಕಳಿಸಿ ನಾಲ್ಕು ಜನ ಹೊಸಬರನ್ನ ಇಳಿಸಲಿ!" ಎಂದು ಖಾನಾವಳಿಯ ಮುಂಭಾಗದಿಂದ ಯಾರೋ ಕೂಗಿದರು. "ನಮ್ಮ ಗೋಲ್‌ಕೀಪರ್ ಬಗ್ಗೋ ಹೊತ್ತಿಗೆ ಚೆಂಡು ಒಳಗೆ ಹೋಗಿ ಕೂತು ಊಟಾನೂ ಮುಗಿಸಿರುತ್ತೆ," ಎಂದ ಇನ್ನೊಬ್ಬ. ಊಟಕ್ಕೆ ಬಂದಿದ್ದ ಪಕ್ಕದ ಗ್ಯಾರೇಜಿನ ಮಂದಿ ಬೆಂಚು ಬಡಿದು ನಕ್ಕರು.

ಆ ಮಗ, ಘಾನಾದ ಫುಟ್‌ಬಾಲ್ ತಂಡದ ಕೋಚ್ ಒಬೆಂಗ್, ಅದೇ ಗಳಿಗೆಯಲ್ಲಿ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಹಿತ್ತಲ ಬಾಗಿಲಿನಿಂದ ಅಮ್ಮನ ಖಾನಾವಳಿಯ ಅಡುಗೆಮನೆಗೆ ನುಸುಳುತ್ತಿದ್ದ. ಮಂಗಳವಾರದ ಪಂದ್ಯ ಸೋತರೆ ಅವನ ಕೆಲಸ ಹೋಗುತ್ತದೆಂಬುದು ಕುಮಾಸಿ ಊರಿಗೆಲ್ಲ ಗೊತ್ತಿದ್ದ ಮಾತು. ಬಿರಾಗೊ ಮಗನ ಕಣ್ಣಿನ ಕೆಳಗಿನ ಕಪ್ಪು ನೋಡಿದಳು. ಮೊದಲು ಒಂದು ಲೋಟ ನೀರು ಕೊಟ್ಟಳು.

"ಫುಫು ಮುದ್ದೆ ಹಾಕಮ್ಮಾ. ಹೋಟೆಲ್ ಊಟ ತಿಂದು ನಾಲಿಗೆ ಸತ್ತುಹೋಗಿದೆ."

"ಫುಫು ಎಲ್ಲಿಂದ ತರಲಿ ಮಗಾ? ಕುಟ್ಟೋ ಡಾಂಕರ್ ಅವನ ಮಾವನ ಮಣ್ಣಿಗೆ ಹೋಗಿದಾನೆ. ಇವತ್ತು ಎಲ್ಲರಿಗೂ ಅನ್ನವೇ. ಮುಂದೆ ಕೂತೋರೂ ಅದಕ್ಕೇ ಗೊಣಗ್ತಿದಾರೆ. ನಿನ್ನ ಬೈದರೆ ಬಾಯಿರುಚಿ ಸ್ವಲ್ಪ ಸರಿಹೋಗುತ್ತೇನೋ." ತಟ್ಟೆ ಒರೆಸುತ್ತ ಅವಳು ದನಿ ತಗ್ಗಿಸಿದಳು. "ಅಲ್ಲಪ್ಪಾ, ಆ ಅಕ್ರೋಫಿ ಅನ್ನೋ ಹುಡುಗನ್ನ ಯಾಕೆ ಆಡಿಸಲ್ಲ? ಪ್ರತಿ ಸಲ ಕರೆಸ್ತೀಯ, ಅಂಗಿ ಹಾಕಿಸ್ತೀಯ, ಬದಿಯಲ್ಲಿ ಕೂರಿಸಿ ಬಿಸಿಲು ಕಾಯಿಸ್ತೀಯ."

"ಒಂದ್ಸಲ ಆಡಿಸಿದ್ದೆನಲ್ಲ. ಚೆಂಡನ್ನ ಎದುರಾಳಿ ಕಾಲಿಗೇ ಬಡಿಸಿಕೊಟ್ಟ. ಗೋಲಾಯ್ತು. ಪತ್ರಿಕೆಯೋರು ತಿಂದಿದ್ದು ಅವನನ್ನಲ್ಲ, ನನ್ನನ್ನ. ಹಳಬರಾದ್ರೆ ಕಣ್ಣುಮುಚ್ಚಿ ಹೇಳ್ತೀನಿ, ಯಾರು ಎಲ್ಲಿರ್ತಾರೆ ಅಂತ." ಮಾತಿನ ನಡುವೆ ಒಬೆಂಗ್ ಮೂಲೆಯತ್ತ ನೋಡಿದ. ಅಲ್ಲಿ ಒಬ್ಬ ದಪ್ಪ ತೋಳಿನ ಗಂಡಸು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಒನಕೆಯನ್ನು ಬಟ್ಟೆಯಿಂದ ಉಜ್ಜುತ್ತಿದ್ದ. "ಇವರ್‍ಯಾರು?"

"ಮುಮೂನಿ. ಹೊಸಬ. ಮೊನ್ನೆ ಸೇರಿದ."

"ಕುಟ್ಟೋನು ಇಲ್ಲೇ ಕೂತಿದಾನೆ, ಮರಗೆಣಸು, ಬಾಳೆಕಾಯಿ ಬೆಂದು ಕೂತಿದೆ, ಅನ್ನ ಬಡಿಸ್ತಿದ್ದೀಯಲ್ಲಮ್ಮಾ!"

ಬಿರಾಗೊ ಎದೆಯ ಮೇಲಿನ ಬಟ್ಟೆ ಸರಿಪಡಿಸಿಕೊಂಡಳು. ಫುಫು ಮಾಡಲು, ಬೆಂದ ಗೆಣಸನ್ನು ಒಬ್ಬರು ನಿಂತು ಕುಟ್ಟುವಾಗ ಇನ್ನೊಬ್ಬರು ಕೂತು, ಎರಡು ಪೆಟ್ಟುಗಳ ನಡುವೆ ಒರಳಿಗೆ ಕೈಹಾಕಿ ಮುದ್ದೆ ತಿರುವಬೇಕು. ಡಾಂಕರ್‌ನ ಒನಕೆಗೆ ಬಿಟ್ಟು ಬೇರೆ ಯಾರ ಒನಕೆಗೂ ಅವಳು ಕೈ ಒಡ್ಡಿದವಳಲ್ಲ.

"ನಿನ್ನ ಆಟ ಬೇರೆ, ಇದು ಬೇರೆ. ಇಲ್ಲಿರೋದು ನನ್ನ ಬೆರಳು."

"ಅಲ್ಲಿರೋದು ನನ್ನ ಕುತ್ತಿಗೆ," ಎಂದು ಒಬೆಂಗ್ ನಕ್ಕ.

ಅವಳು ತಟ್ಟೆ ಕೆಳಗಿಟ್ಟಳು. ಆಮೇಲೆ ಗಿಡ್ಡ ಮಣೆಯನ್ನು ಒರಳಿನ ಬಳಿಗೆ ಎಳೆದು ಕೂತು, ನೀರಿನ ಬಟ್ಟಲಿಗೆ ಬೆರಳದ್ದಿ, "ಬಾಪ್ಪಾ ಮುಮೂನಿ," ಎಂದಳು.

"ಅಮ್ಮಾ, ನಾಳೆ ಡಾಂಕರ್ ಅಣ್ಣ ಬರ್ತಾರಲ್ಲಾ..." ಮುಮೂನಿಯ ದನಿ ಅವನ ಮೈಗಿಂತ ಬಹಳ ಸಣ್ಣದಿತ್ತು.

"ಹೊಟ್ಟೆ ಹಸಿದಿರೋದು ಇವತ್ತು. ಎತ್ತು."

ಮೊದಲ ಪೆಟ್ಟುಗಳು ಅಳುಕುತ್ತಲೇ ಬಿದ್ದವು. ಅವನ ಕಣ್ಣೆಲ್ಲ ಅವಳ ಬೆರಳ ಮೇಲೆ. "ನನ್ನ ಕೈ ನೋಡ್ಬೇಡ. ಕೈ ತೆಗೆಯೋದು ನನ್ನ ಕೆಲಸ, ಕುಟ್ಟೋದು ನಿನ್ನ ಕೆಲಸ," ಎಂದಳು ಬಿರಾಗೊ, ಮಗುವಿಗೆ ನಡೆಯಲು ಕಲಿಸುವಷ್ಟು ಮೆತ್ತಗೆ. ಮುಮೂನಿ ದೃಷ್ಟಿ ಮೇಲೆತ್ತಿದ. ಧಬ್, ತಿರುವು. ಧಬ್, ತಿರುವು. ಲಯ ಕೂಡಿಕೊಂಡಿತು. ಹೊರಗಿನ ಗ್ಯಾರೇಜಿನ ಮಂದಿ ಸದ್ದು ಕೇಳಿ, "ಓಹೋ, ಫುಫು ಬಂತು!" ಎಂದು ಶಿಳ್ಳೆ ಹಾಕಿದರು. ಮುಮೂನಿಯ ಮುಖದಲ್ಲಿ ನಗು ಮೂಡಿತು, ತೋಳಿಗೆ ವೇಗ ಬಂತು. ಒಬೆಂಗ್ ಮಾತ್ರ ಪ್ರತಿ ಪೆಟ್ಟಿಗೂ ಗೋಡೆಬದಿಯ ಬೆಂಚಿನಿಂದ ಅರ್ಧ ಏಳುತ್ತಿದ್ದ. ಕೊನೆಗೆ ತಡೆಯಲಾರದೆ, "ಅಮ್ಮಾ, ಹುಷಾರು!" ಎಂದು ಕಿರುಚಿದ.

ಮುಮೂನಿ ಬೆಚ್ಚಿ ಅವನತ್ತ ತಿರುಗಿದ. ಒನಕೆ ಓರೆಯಾಗಿ ಇಳಿಯಿತು.

ಬಿರಾಗೊ ಬೆರಳನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಮುಮೂನಿ ಒನಕೆ ಬಿಸಾಕಿ ತಲೆ ಮೇಲೆ ಕೈಹೊತ್ತು ನಿಂತುಬಿಟ್ಟ.

"ನೋಡಿದ್ಯಾ! ಇದಕ್ಕೇ ನಾನು ಹೊಸಬರನ್ನ..."

"ಕೂಗಿದ್ದು ಯಾರು?" ಅವಳು ಕಣ್ಣು ತೆರೆದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವನು ಚೆನ್ನಾಗೇ ಕುಟ್ತಿದ್ದ ಮಗಾ. ಅಕ್ರೋಫಿ ಚೆಂಡು ಬಿಟ್ಟುಕೊಟ್ಟ ದಿನಾನೂ ನೀನು ಗೆರೆ ಪಕ್ಕ ನಿಂತು ಹೀಗೇ ಅರಚ್ತಿದ್ದೆ. ಟೀವಿಯಲ್ಲಿ ನೋಡಿದೀನಿ. ಪಾಪ, ಆ ಮಗು ಚೆಂಡು ನೋಡೋದು ಬಿಟ್ಟು ನಿನ್ನನ್ನೇ ನೋಡ್ತಿತ್ತು."

ಒಬೆಂಗ್ ಮೆಲ್ಲಗೆ ಬೆಂಚಿನ ಮೇಲೆ ಕೂತ.

ಬಿರಾಗೊಳ ಉಗುರು ಆಗಲೇ ನೀಲಿಗಟ್ಟುತ್ತಿತ್ತು. ಅವಳು ಆ ಬೆರಳನ್ನೇ ಮತ್ತೆ ನೀರಿಗದ್ದಿ, ಕೈಯನ್ನು ಒರಳಿನೊಳಗೆ ಇಟ್ಟಳು. "ಎತ್ತಪ್ಪಾ ಮುಮೂನಿ. ಮುದ್ದೆ ತಣ್ಣಗಾಗುತ್ತೆ."

ಮುಮೂನಿ ಒನಕೆ ತೆಗೆದುಕೊಂಡು ಒಮ್ಮೆ ಬೆಂಚಿನತ್ತ ನೋಡಿದ. ದೇಶದ ಕೋಚ್ ಎರಡೂ ಅಂಗೈಗಳಿಂದ ತನ್ನ ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದ.